ತೊಲೆಯ ಕೆಳಗಿನ ಕಂಬ

ಮರ ಗಟ್ಟಿಯೋ ಟೊಳ್ಳೋ ತಿಳಿಯಲು ಮೇಸ್ತ್ರಿಗೆ ಮೂರು ಪೆಟ್ಟು ಸಾಕು. ಮಡಚಿದ ಬೆರಳಿನ ಗೆಣ್ಣಿನಿಂದ ಈ ತುದಿಗೊಂದು, ನಡುವೆ ಒಂದು, ಆ ತುದಿಗೊಂದು. ಒಳ್ಳೆಯ ಮರ ಪೆಟ್ಟಿಗೆ ಎದುರುತ್ತರ ಕೊಡುತ್ತದೆ. ಗೆದ್ದಲು ತಿಂದ ಮರ ಪೆಟ್ಟನ್ನು ನುಂಗಿಕೊಂಡು ಸುಮ್ಮನಾಗುತ್ತದೆ. ಆಮೇಲೂ ಅನುಮಾನ ಉಳಿದರೆ ಜೇಬಿನಿಂದ ದಬ್ಬಳ ತೆಗೆದು, ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಚುಚ್ಚಿ ನೋಡುತ್ತಾರೆ. ತೇವ ಕೂರುವುದು ಅಲ್ಲೇ. ಕೊನೆಯ ಪರೀಕ್ಷೆಗೆ ಇನ್ನೊಬ್ಬರು ಬೇಕು. ಮೇಸ್ತ್ರಿ ಏಣಿ ಹತ್ತಿ ತೊಲೆಯ ಒಂದು ತುದಿಗೆ ಕಿವಿ ಒತ್ತಿ ನಿಲ್ಲುತ್ತಾರೆ. ಇನ್ನೊಂದು ತುದಿಯಲ್ಲಿ ಯಾರಾದರೂ ಉಗುರಿನಿಂದ ಮೆಲ್ಲಗೆ ಗೀರಬೇಕು. ಹದಿನೆಂಟು ಅಡಿ ಆಚೆಯ ಗೀರು ಕಿವಿಯ ಪಕ್ಕದಲ್ಲೇ ಕೇಳಿಸಿದರೆ ಮರದೊಳಗೆ ಎಲ್ಲೂ ಪೊಳ್ಳಾಗಿಲ್ಲ ಎಂದರ್ಥ.

ಅವರಿಗೀಗ ಅರವತ್ತನಾಲ್ಕು. ಮೂವತ್ತರ ಹೊತ್ತಿಗೆ ಬಲಭುಜ ಕೈಕೊಟ್ಟಿತು, ಉಳಿ ಕೊಡತಿಯ ಕೆಲಸ ನಿಂತಿತು. ಕೈ ಹೋದರೂ ಕಿವಿ ಉಳಿಯಿತು ಎಂದು ಅವರೇ ತಮಾಷೆ ಮಾಡುತ್ತಾರೆ. ಊರಾಚೆ ಹಳೆಯ ಮನೆ ಕೊಳ್ಳುವ ಆಸೆಯಿದ್ದವರು ಮುಂಗಡ ಕೊಡುವ ಮೊದಲು ಇವರನ್ನು ಕರೆದೊಯ್ಯುತ್ತಿದ್ದರು. ವಕೀಲರು ಕಾಗದ ನೋಡಿದರೆ ಇವರು ಮರ ನೋಡುತ್ತಿದ್ದರು. ಬ್ರೋಕರುಗಳ ಬಾಯಲ್ಲಿ ಇವರು ತಟ್ಟೋ ಮೇಸ್ತ್ರಿ.

ಈ ಕೆಲಸಕ್ಕೆ ಎರಡು ಬಗೆಯ ಮಾತಿತ್ತು. ಒಂದು ಮನೆಯೊಳಗೆ, ಮಾರುವವರ ಎದುರು ಆಡುವ ಮಾತು. ಇನ್ನೊಂದು ಬೀದಿಗೆ ಬಂದ ಮೇಲೆ, ಕೊಳ್ಳುವವರ ಕಿವಿಯಲ್ಲಿ ಆಡುವ ಮಾತು. ಒಳಗಿದ್ದಾಗ ಮೇಸ್ತ್ರಿ ಮೂರು ಪೆಟ್ಟು ತಟ್ಟಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಲಿಗೆ ಲೊಚಗುಟ್ಟುತ್ತಿದ್ದರು. 'ಏನಾಯ್ತು ಮೇಸ್ತ್ರಿ?' ಎಂದು ಕೊಳ್ಳುವವರು ಕೇಳಬೇಕು. 'ಏನಿಲ್ಲ, ಬಿಡಿ' ಎಂದು ಇವರು ಹೇಳಬೇಕು. ಆ 'ಏನಿಲ್ಲ'ಕ್ಕೆ ನೂರಕ್ಕೆ ಹತ್ತರಷ್ಟು ಬೆಲೆ ಇಳಿಯುತ್ತಿತ್ತು. ಮಾರುವವರೂ ಕಣ್ಣು ಮುಚ್ಚಿ ಕೂತವರಲ್ಲ. ಇಳಿಸುವುದಕ್ಕೆಂದೇ ಮೊದಲು ಏರಿಸಿ ಹೇಳಿರುತ್ತಿದ್ದರು. ಬೀದಿಗೆ ಬಂದ ಮೇಲೆ ಮೇಸ್ತ್ರಿ ನಿಜ ಹೇಳುತ್ತಿದ್ದರು: ಮರ ಕಬ್ಬಿಣದ ಹಾಗಿದೆ, ಕಣ್ಣು ಮುಚ್ಚಿ ತಗೊಳ್ಳಿ. ಇಬ್ಬರಿಗೂ ಗೊತ್ತಿರುವ ಸುಳ್ಳು ಸುಳ್ಳೇ ಅಲ್ಲ ಎಂದು ಅವರು ನಂಬಿದ್ದರು. ಹನ್ನೆರಡು ವರ್ಷ ಆ ನಂಬಿಕೆಗೆ ಯಾವ ತೊಡಕೂ ಬರಲಿಲ್ಲ.

ಮೇಸ್ತ್ರಿಯ ಹೆಂಡತಿ ಪತ್ರಿಕೆಯೊಂದರ ಕಚೇರಿಯಲ್ಲಿ ಚಿಕ್ಕ ಜಾಹೀರಾತಿನ ಕೌಂಟರಿನಲ್ಲಿದ್ದರು. ಗಾಜಿನ ಆಚೆಯಿಂದ ಜನ ಚೀಟಿ ತೂರಿಸುತ್ತಾರೆ. ಆಕೆ ಪೆನ್ಸಿಲ್ ತುದಿಯಿಂದ ಪದ ಎಣಿಸಿ ಹಣ ಹೇಳುತ್ತಾರೆ. ಕನಿಷ್ಠ ಹತ್ತು ಪದ ಇರಲೇಬೇಕು, ಅದರಿಂದಾಚೆ ಪದಕ್ಕಿಷ್ಟು. ಮನೆ ಮಾರುವವರ ಭಾಷೆ ಆಕೆಗೆ ಬಾಯಿಪಾಠವಾಗಿತ್ತು. 'ಪ್ರಶಾಂತ ಪರಿಸರ' ಎಂದರೆ ಬಸ್ಸಿಲ್ಲ. 'ಪ್ರಕೃತಿಯ ಮಡಿಲಲ್ಲಿ' ಎಂದರೆ ಹಾವಿದೆ. 'ಸ್ವಲ್ಪ ದುರಸ್ತಿ ಬೇಕು' ಎಂದರೆ ಹೆಂಚಿನ ಮಾಡೇ ಇಲ್ಲ. ಇಷ್ಟೆಲ್ಲ ಗೊತ್ತಿದ್ದರೂ ಊರಾಚೆಯ ಮನೆಯ ಆಸೆ ಮೊದಲು ಹತ್ತಿದ್ದು ಆಕೆಗೇ. ದಿನಕ್ಕೆ ಇಪ್ಪತ್ತು ಮನೆಗಳ ವಿವರ ಕೈಮೇಲೆ ಹಾದು ಹೋಗುತ್ತಿದ್ದರೆ ಯಾರಿಗಾದರೂ ಹತ್ತೀತು.

ಅವರದು ಎರಡು ಕೋಣೆಯ ಬಾಡಿಗೆ ಮನೆ, ಮೂರನೆಯ ಮಹಡಿ. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಕೊಳವೆಗಳು. ಯಾರು ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತಾರೆ ಎನ್ನುವುದು ಇಡೀ ಸಾಲಿಗೆ ತಿಳಿಯುತ್ತಿತ್ತು. ಭಾನುವಾರ ಬಂದರೆ ಮೇಸ್ತ್ರಿ, ಹೆಂಡತಿ, ಏಳು ವರ್ಷದ ಮಗಳು ಮೂವರೂ ಬಸ್ಸು ಹತ್ತಿ ಮನೆ ನೋಡಲು ಹೋಗುತ್ತಿದ್ದರು. ಬೇರೆ ಮನೆಯವರು ಸಿನಿಮಾಕ್ಕೆ ಹೋದ ಹಾಗೆ. ನೋಡಿದ ಮನೆಗಳಲ್ಲಿ ಹೆಚ್ಚಿನವು ಕೈಗೆಟುಕುವಂಥವಲ್ಲ. ಎಟುಕುವಂಥವುಗಳಲ್ಲಿ ಮೇಸ್ತ್ರಿ ಏನಾದರೊಂದು ಕೊರತೆ ಹುಡುಕುತ್ತಿದ್ದರು. ಒಂದರ ಬಾಗಿಲ ಚೌಕಟ್ಟು ಗೆದ್ದಲಿಗೆ ಸೇರಿತ್ತು. ಇನ್ನೊಂದರ ಮೆಟ್ಟಿಲು ಕಾಲಿಟ್ಟರೆ ಗೋಳಾಡುತ್ತಿತ್ತು. ಹೆಂಡತಿ ಒಮ್ಮೆ ಬಸ್ಸಿನಲ್ಲಿ, 'ನಿಮ್ಮನ್ನ ಕಟ್ಕೊಳ್ಳೋ ಮುಂಚೆ ನಾನೂ ಒಬ್ಬ ಮೇಸ್ತ್ರಿನ ಕರ್ಕೊಂಡು ಬಂದು ತಟ್ಟಿಸಿ ನೋಡಬೇಕಿತ್ತು' ಎಂದಿದ್ದರಂತೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಮಂಗಳವಾರ, ಗಾಜಿನಾಚೆಯಿಂದ ಬಂದ ಚೀಟಿ ಬೇರೆಯದಾಗಿತ್ತು. ತಂದವರು ನಿವೃತ್ತ ಪೋಸ್ಟ್‌ಮಾಸ್ಟರು. ಅರವತ್ತರ ಆಸುಪಾಸು, ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿದವರು. ಹೆಂಡತಿ ತೀರಿಕೊಂಡಿದ್ದರು. ಒಂದೂವರೆ ಗಂಟೆ ದೂರದ ಹಳ್ಳಿಯ ಮನೆ ಮಾರಿ ತಮ್ಮನ ಮಗಳ ಮನೆಗೆ ಬಂದುಬಿಡಬೇಕೆಂದಿದ್ದರು. ಚೀಟಿಯಲ್ಲಿ ಹೀಗಿತ್ತು: 'ಹಳ್ಳಿಯಲ್ಲಿ ಹೆಂಚಿನ ಮನೆ ಮಾರಾಟಕ್ಕಿದೆ. ಬಾವಿ ಬೇಸಿಗೆಯಲ್ಲಿ ತಳ ಕಾಣುತ್ತದೆ. ಹಿಂಬದಿಯ ಗೋಡೆಗೆ ಮಳೆಗಾಲದಲ್ಲಿ ತೇವ ಬರುತ್ತದೆ. ಬಸ್ ನಿಲ್ದಾಣ ಇಪ್ಪತ್ತು ನಿಮಿಷ, ನನ್ನ ನಡಿಗೆಯಲ್ಲಿ. ಕಿಟಕಿಯ ಕಟ್ಟೆಯಲ್ಲಿ ಇಬ್ಬರು ಕೂರಬಹುದು.'

ಇಷ್ಟು ಪದ ಬೇಡ, ಬಾವಿಯದೂ ಗೋಡೆಯದೂ ತೆಗೆದರೆ ಅರ್ಧ ದುಡ್ಡು ಉಳಿಯುತ್ತದೆ ಎಂದು ಆಕೆ ಹೇಳಿ ನೋಡಿದರು. ಪೋಸ್ಟ್‌ಮಾಸ್ಟರು ಒಪ್ಪಲಿಲ್ಲ. 'ಬಂದು ನೋಡಿ ಬೇಜಾರು ಮಾಡ್ಕೊಂಡು ಹೋಗೋದು ಬೇಡಮ್ಮ. ಅವರಿಗೂ ಬಸ್ ಚಾರ್ಜು ದಂಡ' ಎಂದು ಚಿಲ್ಲರೆ ಎಣಿಸಿಕೊಟ್ಟರು.

ಆ ಸಂಜೆ ಆಕೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಚೀಟಿಯನ್ನು ನೆನಪಿನಿಂದ ಒಪ್ಪಿಸಿದರು. ತನ್ನ ದೋಷಕ್ಕೂ ದುಡ್ಡು ಕೊಟ್ಟು ಅಚ್ಚು ಹಾಕಿಸುವ ಮನುಷ್ಯನನ್ನು ಆಕೆ ಹದಿನಾಲ್ಕು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಆ ವಾರ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಮಾತು ಲೆಕ್ಕಕ್ಕೆ ತಿರುಗಿದ್ದು ಶನಿವಾರ. ಮನೆಗೆ ಪೋಸ್ಟ್‌ಮಾಸ್ಟರು ಹೇಳಿದ ಬೆಲೆಯಷ್ಟು ಇವರ ಬಳಿ ಇತ್ತು. ಇಬ್ಬರೂ ದುಡಿದು, ಒಂದೇ ಮಗು ಸಾಕೆಂದು, ಹಬ್ಬ ಹುಣ್ಣಿಮೆ ಎನ್ನದೆ ಕೂಡಿಟ್ಟಿದ್ದು. ಆದರೆ ಕೊಳ್ಳುವುದೆಂದರೆ ಬೆಲೆ ಕೊಟ್ಟು ಬೀಗದ ಕೈ ತೆಗೆದುಕೊಳ್ಳುವುದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಛಾಪಾ ಕಾಗದ, ನೋಂದಣಿ, ವಕೀಲರು, ಗಡಿ ಅಳೆಯುವ ಸರ್ವೆಯರು, ಬಾವಿಯ ಹೂಳು, ಹಿಂಬದಿಯ ಗೋಡೆ, ಸಾಮಾನು ಸಾಗಿಸುವ ಲಾರಿ. ಆಕೆ ಇವನ್ನೆಲ್ಲ ಸೇರಿಸಿ 'ಬಾಲ' ಎಂದು ಹೆಸರಿಟ್ಟರು. ಮನೆ ಒಂದು ಬೆಲೆಗೆ ಬಂದರೂ ಬಾಲ ಬೇರೆ ಬೆಲೆಗೆ ಬರುತ್ತದೆ. ಮನೆ ಕಟ್ಟಿ ನೋಡು ಎಂದ ಹಿರಿಯರು ಕೊಂಡು ನೋಡು ಎಂದು ಯಾಕೆ ಹೇಳಲಿಲ್ಲವೋ ಎಂದು ಮೇಸ್ತ್ರಿ ಗೊಣಗಿದರು. ಬಾಲ ಕೂಡಿಸಿದಾಗ ಬೆಲೆಯ ಎಂಟನೆಯ ಒಂದು ಭಾಗವಾಯಿತು. ಅಷ್ಟು ಅವರ ಬಳಿ ಇರಲಿಲ್ಲ.

ಕಚೇರಿಯ ಸಹಕಾರ ಸಂಘದಲ್ಲಿ ಸಾಲ ಸಿಗುತ್ತದೆ, ಮೂರು ವರ್ಷದಲ್ಲಿ ತೀರಿಸಬಹುದು ಎಂದು ಹೆಂಡತಿ ಹೇಳಿದರು. ಮೇಸ್ತ್ರಿಗೆ ಅದು ರುಚಿಸಲಿಲ್ಲ. ಸಾಲಕ್ಕೆ ಅವರು ಹೆದರುವವರಲ್ಲ. ಚುಚ್ಚಿದ್ದು ಬೇರೆ ಸಂಗತಿ. ಮುನ್ನೂರು ಮನೆಗಳ ಬೆಲೆ ಇಳಿಸಿದ ತಾನು ತನ್ನ ಮನೆಯನ್ನು ಹೇಳಿದ ಬೆಲೆಗೇ ಕೊಂಡೆ ಎಂದರೆ ಬ್ರೋಕರುಗಳು ಏನೆಂದಾರು? ಬಾಲ ಕತ್ತರಿಸುವ ಕೆಲಸ ನನಗೆ ಬಿಡು ಎಂದರು.

'ಅವರ ಹತ್ರ ನಿಮ್ಮ ಆಟ ಬೇಡ ರೀ,' ಹೆಂಡತಿ ಹೇಳಿದರು. 'ಅವರು ಆ ಥರದವರಲ್ಲ.'

'ಮಾರೋರೆಲ್ಲ ಒಂದೇ ಥರ ಕಣೇ. ಒಬ್ಬೊಬ್ಬರು ಒಂದೊಂದು ಥರ ಕೂತ್ಕೋತಾರೆ, ಅಷ್ಟೇ.'

ಭಾನುವಾರ ಹನ್ನೊಂದಕ್ಕೆ ಅವರು ಹೋದಾಗ ಪೋಸ್ಟ್‌ಮಾಸ್ಟರು ಗೇಟಿನ ಬಳಿಯೇ ಕಾಯುತ್ತಿದ್ದರು. ಗೇಟಿಗೆ ಕೆಂಪು ಬಣ್ಣದ ಟಪಾಲು ಡಬ್ಬಿ. ಕಾಗದ ಬರಲಿ ಬಿಡಲಿ, ದಿನಕ್ಕೆರಡು ಬಾರಿ ಬೀಗ ತೆಗೆದು ನೋಡುತ್ತಾರಂತೆ. ಮನೆ ದೊಡ್ಡದೇನಲ್ಲ. ನಡುಮನೆ, ಅದರ ಎರಡು ಬದಿಗೆ ಒಂದೊಂದು ಕೋಣೆ, ಹಿಂದೆ ಅಡುಗೆಮನೆ. ನಡುಮನೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹಾಯ್ದ ಒಂದೇ ತೊಲೆ; ಇಡೀ ಮಾಡು ಅದರ ಬೆನ್ನ ಮೇಲೆ. ತೆಂಕಣ ಗೋಡೆಯ ಕಿಟಕಿಗೆ ಮೊಣಕಾಲೆತ್ತರದ ಅಗಲ ಕಟ್ಟೆ. ಮೇಸ್ತ್ರಿಯ ಹೆಂಡತಿ ಹೋದವರೇ ಅದರ ಮೇಲೆ ಕೂತು, ಕಾಲು ಮೇಲೆತ್ತಿ, ಹೊರಗೆ ನೋಡಿದರು. ಕೆಳಗೆ ಇಳಿಜಾರು, ಅದರಾಚೆ ಬೇರೆಯವರ ಹೊಲ, ಬೇಲಿ, ಆಕಾಶ. ಎಲ್ಲೂ ಕೊಳವೆಯಿಲ್ಲ. ಮಗಳು ಪಕ್ಕದ ಕೋಣೆಯೊಳಗೆ ನಿಂತು, ಇದು ನಂದು ಎಂದು ಘೋಷಿಸಿದಳು.

ಮೇಸ್ತ್ರಿ ಏಣಿ ಕೇಳಿ ತೆಗೆದುಕೊಂಡರು. ತೊಲೆಯ ಒಂದು ತುದಿಗೆ ಕಿವಿಯಿಟ್ಟರು. ಎದುರು ತುದಿಯಲ್ಲಿ ಹೆಂಡತಿ ಸ್ಟೂಲು ಹತ್ತಿ, ತಲೆಯಿಂದ ಹೇರ್‌ಪಿನ್ನು ತೆಗೆದು ಗೀರಿದರು. ಆ ಗೀರು ಕಿವಿಯೊಳಗೇ ಗೀರಿದ ಹಾಗೆ ಕೇಳಿಸಿತು. ಅಂಥ ಮರವನ್ನು ಮೇಸ್ತ್ರಿ ಅದಕ್ಕೆ ಮೊದಲೂ ಆಮೇಲೂ ಕಂಡಿಲ್ಲ. ಅವರ ಮುಖ ನೋಡಿಯೇ ಹೆಂಡತಿಗೆ ಗೊತ್ತಾಯಿತು; ಸ್ಟೂಲಿನ ಮೇಲೆ ನಿಂತೇ ನಕ್ಕರು.

ಮೇಸ್ತ್ರಿ ಕೆಳಗಿಳಿದರು. ಕೈ ಒರೆಸಿಕೊಂಡರು. ಏಣಿಯನ್ನು ನಡುವಿಗೆ ಸರಿಸಿ, ಮತ್ತೆ ಹತ್ತಿ, ಮೂರು ಪೆಟ್ಟು ತಟ್ಟಿದರು. ಸುಮ್ಮನಾದರು. ನಾಲಿಗೆ ಲೊಚಗುಟ್ಟಿದರು. ಪೋಸ್ಟ್‌ಮಾಸ್ಟರ ಬೆನ್ನ ಹಿಂದೆ ಹೆಂಡತಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದುದು ಅವರಿಗೆ ಕಾಣುತ್ತಿತ್ತು.

'ಏನಾದ್ರೂ ಇದೆಯಾ?' ಪೋಸ್ಟ್‌ಮಾಸ್ಟರು ಕೇಳಿದರು.

'ಏನಿಲ್ಲ ಬಿಡಿ.'

'ಇಲ್ಲ, ಹೇಳಬೇಕು. ನನಗೆ ಗೊತ್ತಿಲ್ಲದ್ದು ಏನಿದೆ?'

ಯಾವ ಮಾರಾಟಗಾರನೂ ಹೀಗೆ ಕೇಳಿದವನಲ್ಲ. ಆಟ ಗೊತ್ತಿದ್ದವರು ಈ ಹೊತ್ತಿಗೆ, ನಮ್ಮಜ್ಜನ ಕಾಲದ ಮರ ಮೇಸ್ತ್ರಿ, ಆನೆ ನಿಲ್ಲಿಸಬಹುದು ಎಂದು ಗದರುತ್ತಿದ್ದರು. ಪೋಸ್ಟ್‌ಮಾಸ್ಟರು ಕತ್ತೆತ್ತಿ, ಡಾಕ್ಟರ ಎದುರು ರೋಗಿ ನಿಲ್ಲುವಂತೆ ನಿಂತಿದ್ದರು. ಮೇಸ್ತ್ರಿಗೆ ಹಿಂದೆ ಸರಿಯಲು ದಾರಿ ಸಿಗಲಿಲ್ಲ, ಅಥವಾ ಹುಡುಕಲಿಲ್ಲ. ನಡುವೆ ಒಳಗೊಳಗೇ ಟೊಳ್ಳು ಬಿದ್ದಿದೆ ಎಂದರು. ಮೇಲೆ ಕಾಣುವುದಿಲ್ಲ ಎಂದೂ ಸೇರಿಸಿದರು. ಎಷ್ಟು ದಿನ ತಡೆಯುತ್ತದೆ ಎಂಬ ಪ್ರಶ್ನೆಗೆ, ಹೇಳೋಕಾಗಲ್ಲ ಎಂದರು. ಆಮೇಲೆ ಬೆಲೆಯ ಮಾತೆತ್ತಿ, ಎಂಟರಲ್ಲಿ ಒಂದು ಭಾಗ ಇಳಿಸಿದರೆ ತಾವೇ ತೊಲೆ ಬದಲಿಸಿಕೊಳ್ಳುವುದಾಗಿ ಹೇಳಿದರು. ಪೋಸ್ಟ್‌ಮಾಸ್ಟರು ಯೋಚಿಸಿ ತಿಳಿಸುತ್ತೇನೆಂದು ಚಹಾ ತಂದುಕೊಟ್ಟರು. ಲೋಟಗಳನ್ನು ನಡುಮನೆಯಲ್ಲಿ ಇಡಲಿಲ್ಲ. ಎಲ್ಲರೂ ಜಗಲಿಗೆ ಬರಬೇಕೆಂದರು, ಮಗುವನ್ನು ಕೈ ಹಿಡಿದು ಹೊರಗೆ ಕರೆತಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಡತಿ ಮುಖವನ್ನು ಕಿಟಕಿಯತ್ತ ತಿರುಗಿಸಿ ಕೂತರು. ಮೇಸ್ತ್ರಿ ಮಾತ್ರ ಗೆಲುವಾಗಿದ್ದರು. ಬಾಲ ತುಂಡಾಯಿತು ಎಂದೇ ಲೆಕ್ಕ.

ಗುರುವಾರ ಕಾಗದ ಬಂತು. ಅಕ್ಷರ ದುಂಡಗೆ, ಸಾಲು ನೇರ. 'ತಾವು ಹೇಳಿದ ವಿಷಯ ನನಗೆ ಈವರೆಗೆ ತಿಳಿದಿರಲಿಲ್ಲ. ತಮಗೆ ಈ ಮನೆ ಹಿಡಿಸಿತ್ತೆಂದು ತಮ್ಮ ಮನೆಯವರ ಮುಖದಲ್ಲಿ ಕಂಡೆ. ಆದರೂ ತಾವು ಮುಚ್ಚಿಡಲಿಲ್ಲ. ಇದಕ್ಕೆ ನಾನು ಋಣಿ. ಮಕ್ಕಳಿರುವವರಿಗೆ ಈ ಮನೆಯನ್ನು ಯಾವ ಬೆಲೆಗೂ ಮಾರಲು ನನ್ನ ಮನಸ್ಸು ಒಪ್ಪದು. ತೊಲೆಗೆ ಕಂಬ ಕೊಟ್ಟು ನಾನೇ ಇರುತ್ತೇನೆ. ಒಬ್ಬನ ತಲೆಗೆ ಇಷ್ಟು ಸಾಕು. ಜಾಹೀರಾತನ್ನು ನಿಲ್ಲಿಸುವಂತೆ ತಮ್ಮ ಮನೆಯವರಿಗೆ ತಿಳಿಸಬೇಕು. ಉಳಿದ ದಿನಗಳ ಹಣ ಹಿಂದಿರುಗಿಸುವ ಅಗತ್ಯವಿಲ್ಲ.'

ಹೆಂಡತಿ ಎರಡು ಸಲ ಓದಿ ಕಾಗದವನ್ನು ಮೇಜಿನ ಮೇಲಿಟ್ಟರು. 'ನಾಳೆನೇ ಹೋಗಿ. ಸುಳ್ಳು ಹೇಳಿದೆ ಅಂತ ಹೇಳಿ. ಬೈದ್ರೆ ಬೈಸಿಕೊಳ್ಳಿ.'

ಮೇಸ್ತ್ರಿ ಹೋದರು. ಕೆಂಪು ಡಬ್ಬಿಯ ಗೇಟಿನ ತನಕ ಹೋದರು. ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಹಳ್ಳಿಯ ಬಡಗಿಯೊಬ್ಬ ಕಂಬಕ್ಕೆ ಬೆಣೆ ಬಡಿಯುತ್ತಿದ್ದ. ಪೋಸ್ಟ್‌ಮಾಸ್ಟರು ಕಂಬ ಹಿಡಿದು ನಿಂತಿದ್ದರು. ಆ ಬಡಗಿಯ ಎದುರು ಹೇಳಬೇಕಾಗುತ್ತದೆ ಎಂಬುದು ಮೇಸ್ತ್ರಿಯ ಕಾಲು ಕಟ್ಟಿತು. ಬಡಗಿಗಳ ನಡುವೆ ಮಾತು ಹಬ್ಬಲು ಎಷ್ಟು ಹೊತ್ತು? ಗಟ್ಟಿ ಮರವನ್ನು ಟೊಳ್ಳು ಎಂದವನು ನಾಳೆ ಟೊಳ್ಳು ಮರವನ್ನು ಗಟ್ಟಿ ಎನ್ನುವುದಿಲ್ಲವೆಂದು ಯಾರು ನಂಬುತ್ತಾರೆ? ಅವರ ಹತ್ತಿರ ಮಾರಲು ಇದ್ದದ್ದು ಮಾತೊಂದೇ. ಡಬ್ಬಿಯ ಪಕ್ಕ ಸ್ವಲ್ಪ ಹೊತ್ತು ನಿಂತು ವಾಪಸು ನಡೆದರು.

ಎರಡು ವಾರ ಬಿಟ್ಟು ಮತ್ತೊಮ್ಮೆ ಹೊರಟರು. ಆ ಸಲ ನಿಲ್ದಾಣ ಬಂದರೂ ಬಸ್ಸಿನಿಂದ ಇಳಿಯಲಿಲ್ಲ. ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ಹಿಂದಿರುಗಿದರು. ಮನೆಯಲ್ಲಿ, ಅವರು ಸಿಗಲಿಲ್ಲ ಎಂದರು. ಹೆಂಡತಿ ಅವರ ಅಂಗಿ ಜೇಬಿನಿಂದ ಎರಡು ಟಿಕೆಟು ತೆಗೆದು, ಅವುಗಳ ಮೇಲಿದ್ದ ಕೊನೆಯ ನಿಲ್ದಾಣದ ಹೆಸರು ಓದಿ, ಕಸದ ಬುಟ್ಟಿಗೆ ಹಾಕಿದರು. ಮತ್ತೆ ಆ ವಿಷಯ ಎತ್ತಲಿಲ್ಲ. ಭಾನುವಾರ ಬಸ್ಸು ಹತ್ತುವುದೂ ನಿಂತಿತು.

ಕೂಡಿಟ್ಟ ದುಡ್ಡು ಮನೆಯಾಗಲಿಲ್ಲ. ಊರಾಚೆಯ ಬೆಲೆಗಳು ವರ್ಷಕ್ಕೊಂದು ಮೆಟ್ಟಿಲು ಹತ್ತುತ್ತಾ ಹೋದವು. ಒಂದು ಕಾಲಕ್ಕೆ ಪೂರ್ತಿ ಮನೆಗೆ ಸಾಲುತ್ತಿದ್ದ ಮೊತ್ತ ಐದು ವರ್ಷದಲ್ಲಿ ಅರ್ಧ ಮನೆಯಾಯಿತು, ಹತ್ತು ವರ್ಷದಲ್ಲಿ ಬರಿಯ ಬಾಲವಾಯಿತು. ಅದರಲ್ಲಿ ಮಗಳ ಓದು ಆಯಿತು, ಮೇಸ್ತ್ರಿಯ ಭುಜದ ಆಪರೇಷನ್ ಆಯಿತು. ಮಗಳು ಈಗ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುತ್ತಾಳೆ. ಅಪ್ಪ ಹೊರಗಿನಿಂದ ತಟ್ಟುತ್ತಾರೆ, ನಾನು ಒಳಗಿನದೇ ಫೋಟೋ ತೆಗೀತೀನಿ ಎನ್ನುತ್ತಾಳೆ. ಕೌಂಟರ್ ಮುಚ್ಚಿ ಆರು ವರ್ಷವಾಯಿತು, ಹೆಂಡತಿ ಮನೆಯಲ್ಲಿದ್ದಾರೆ. ಮನೆ ಅದೇ, ಮೂರನೆಯ ಮಹಡಿ. ಕೊಳವೆಗಳಿಗೆ ಒಮ್ಮೆ ಬಣ್ಣ ಹೊಡೆದಿದ್ದಾರೆ.

ಮೇಸ್ತ್ರಿ ಕೆಲಸ ಬಿಡಲಿಲ್ಲ. ಆದರೆ ಲೊಚಗುಟ್ಟುವುದನ್ನು ಬಿಟ್ಟರು. ಬೀದಿಯಲ್ಲಿ ಹೇಳುವುದನ್ನೇ ಮನೆಯೊಳಗೂ ಹೇಳತೊಡಗಿದರು. ಕರೆಗಳು ಕಡಿಮೆಯಾದವು. ಮೇಸ್ತ್ರಿಗೆ ವಯಸ್ಸಾಯಿತು, ಕಿವಿ ಮಂದವಾಯಿತು ಎಂದು ಬ್ರೋಕರುಗಳು ಮಾತಾಡಿಕೊಂಡರು.

ಹೋದ ವರ್ಷ ಒಬ್ಬ ಹಳೆಯ ಬ್ರೋಕರು ಫೋನ್ ಮಾಡಿದರು. ಹಲ್ಲಿನ ಡಾಕ್ಟರೊಬ್ಬರು ಊರಾಚೆ ಮನೆ ನೋಡುತ್ತಿದ್ದಾರೆ; ಪೋಸ್ಟ್‌ಮಾಸ್ಟರ ಮನೆಯಂತೆ; ಅವರು ತೀರಿಕೊಂಡು ಎರಡು ವರ್ಷ; ತಮ್ಮನ ಮಗಳು ಮಾರುತ್ತಿದ್ದಾರೆ. ನಡುಮನೆಯಲ್ಲೊಂದು ಕಂಬ ಇದೆ, ಅದನ್ನೇ ಹಿಡಿದು ಚೆನ್ನಾಗಿ ಇಳಿಸಬಹುದು, ನೀವು ಹಳೆ ಥರ ಒಂದು ಸಲ ಬಂದುಬಿಡಿ. ಮೇಸ್ತ್ರಿ ಫೋನ್ ಕೈಯಲ್ಲಿ ಹಿಡಿದೇ ಹೆಂಡತಿಯತ್ತ ನೋಡಿದರು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿತ್ತು.

'ಹೋಗಿ,' ಎಂದರು ಆಕೆ. ನೀನೂ ಬರುತ್ತೀಯಾ ಎಂದು ಕೇಳಿದ್ದಕ್ಕೆ, 'ನಾನು ಆ ಮನೆ ನೋಡಿ ಆಗಿದೆ' ಎಂದರು.

ಗೇಟಿನ ಡಬ್ಬಿಯ ಕೆಂಪು ಬಿಳಿಚಿಕೊಂಡಿತ್ತು. ಒಳಗೆ ಹಲ್ಲಿನ ಡಾಕ್ಟರು, ಬ್ರೋಕರು, ಮತ್ತು ಪೋಸ್ಟ್‌ಮಾಸ್ಟರ ತಮ್ಮನ ಮಗಳು. ನಡುಮನೆಯ ನಟ್ಟನಡುವೆ ಕಂಬ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಒಂದು ಗೇಣಿನಷ್ಟು ಜಾಗ, ಮರ ಕನ್ನಡಿಯ ಹಾಗೆ ನುಣುಪಾಗಿತ್ತು. ಅಡುಗೆಮನೆಯಿಂದ ಜಗಲಿಗೆ ಹೋಗುವಾಗ ಬರುವಾಗ ದೊಡ್ಡಪ್ಪ ಅಲ್ಲಿ ಕೈಯಿಟ್ಟು ತಿರುಗುತ್ತಿದ್ದರು ಎಂದು ಆಕೆ ವಿವರಿಸಿದರು. ನಡುಮನೆಯಲ್ಲಿ ಅವರು ಒಂದು ದಿನವೂ ಮಲಗಲಿಲ್ಲವಂತೆ. ಮಂಚ ಅಡುಗೆಮನೆಯಲ್ಲಿತ್ತು. ರಜೆಯಲ್ಲಿ ಆಕೆಯ ಮಕ್ಕಳು ಬಂದರೆ ಅವರಿಗೂ ಹಾಸಿಗೆ ಅಲ್ಲೇ. ತಮ್ಮ ಜೊತೆ ಬಂದಿರಿ ಎಂದು ಆಕೆ ಎಷ್ಟು ಕರೆದರೂ, ಈ ಮನೆ ಮಾರೋಕಾಗಲ್ಲಮ್ಮ, ಖಾಲಿ ಬಿಟ್ಟರೆ ಯಾರಾದರೂ ಒಳಗೆ ಬಂದು ಮಲಗಿಯಾರು ಎನ್ನುತ್ತಿದ್ದರಂತೆ. ಹತ್ತೊಂಬತ್ತು ವರ್ಷ ಹೀಗೇ ಕಳೆಯಿತು.

ಹಲ್ಲಿನ ಡಾಕ್ಟರು ಉತ್ಸಾಹದಲ್ಲಿದ್ದರು. 'ನಾವಿಬ್ಬರೂ ಒಂದೇ ಕಸುಬಿನವರು ಮೇಸ್ತ್ರಿ. ತಟ್ಟಿ ನೋಡೋದು, ಆಮೇಲೆ ಬಾಯಿ ಬಿಡಿಸೋದು' ಎಂದು ಕಣ್ಣು ಮಿಟುಕಿಸಿದರು.

ಮೇಸ್ತ್ರಿ ಏಣಿ ಹತ್ತಿ ಕಿವಿಯಿಟ್ಟರು. ಎದುರು ತುದಿಯಲ್ಲಿ ಗೀರಲು ತಮ್ಮನ ಮಗಳನ್ನೇ ಕೇಳಿಕೊಂಡರು. ಆಕೆ ಮೇಜಿನ ಮೇಲೆ ಹತ್ತಿ ಬೀಗದ ಕೈಯಿಂದ ಗೀರಿದರು. ಕಿವಿ ಮಂದವಾಗಿದ್ದರೂ ಕೇಳಿಸಿತು. ಹಳೆಯ ಗೀರೇ ಅದು. ಇಳಿದು ಬಂದು, ಮರ ಗಟ್ಟಿಯಾಗಿದೆ, ಇನ್ನೂ ನೂರು ವರ್ಷಕ್ಕೆ ಏನೂ ಆಗುವುದಿಲ್ಲ ಎಂದರು. ಬ್ರೋಕರು ಕೆಮ್ಮಿದರು. ಹಾಗಾದರೆ ಈ ಕಂಬ ಯಾಕೆ ಎಂದು ಡಾಕ್ಟರು ಕೇಳಿದರು.

'ಕಂಬ ನಾನು ಹಾಕಿಸಿದ್ದು,' ಎಂದರು ಮೇಸ್ತ್ರಿ. 'ತೊಲೆಗೆ ಅವತ್ತೂ ಏನೂ ಆಗಿರಲಿಲ್ಲ. ಬೆಲೆ ಇಳೀಲಿ ಅಂತ ಸುಳ್ಳು ಹೇಳಿದ್ದೆ. ಅವರು ನಂಬಿಬಿಟ್ರು.'

ಮೇಸ್ತ್ರಿ ಕೊಡತಿ ಕೇಳಿ, ಕಂಬದ ಬುಡದ ಬೆಣೆಗೆ ಎಡಗೈಯಲ್ಲಿ ಎರಡೇಟು ಕೊಟ್ಟರು. ಬೆಣೆ ಜಾರಿತು, ಕಂಬ ಸಡಿಲವಾಗಿ ಅವರ ತೋಳಿಗೆ ಒರಗಿತು. ಮೇಲೆ ತೊಲೆ ಕೂದಲೆಳೆಯಷ್ಟೂ ಕದಲಲಿಲ್ಲ. ಧೂಳೂ ಉದುರಲಿಲ್ಲ.

ತಮ್ಮನ ಮಗಳು ಮೇಜಿನ ಮೇಲಿಂದ ಇಳಿದಿರಲಿಲ್ಲ. 'ದೊಡ್ಡಪ್ಪ ನಿಮ್ಮ ಬಗ್ಗೆ ಹೇಳ್ತಿದ್ರು,' ಎಂದರು. 'ನಮ್ಮೂರಿನ ಬಡಗಿ ಮರ ಚೆನ್ನಾಗೇ ಇದೆ ಅಂದಾಗ ಅವನನ್ನೇ ಬೈದ್ರಂತೆ. ತನಗೆ ಬೇಕಾದ ಮನೆ ಕೈಬಿಟ್ಟು ಹೋಗೋ ಮಾತನ್ನ ಯಾರಾದ್ರೂ ಸುಳ್ಳೇ ಹೇಳ್ತಾರಾ ಅಂತ.'

ಡಾಕ್ಟರು ಬೀದಿಗೆ ಬಂದು ಫೀಸು ಕೊಡಲು ಹೋದರು, ಮೇಸ್ತ್ರಿ ತೆಗೆದುಕೊಳ್ಳಲಿಲ್ಲ. ಬ್ರೋಕರು ಫೀಸಿನ ಮಾತೂ ಎತ್ತಲಿಲ್ಲ, ಆಮೇಲೆ ಫೋನೂ ಮಾಡಲಿಲ್ಲ. ಇಪ್ಪತ್ತೊಂದು ವರ್ಷ ಹೆದರಿದ್ದು ಒಂದು ಮಧ್ಯಾಹ್ನದಲ್ಲಿ ಆಗಿಹೋಯಿತು.

ಹೊರಡುವಾಗ ತಮ್ಮನ ಮಗಳು ಕರೆದು, ಆ ಕಂಬ ತೆಗೆದುಕೊಂಡು ಹೋಗಿ, ನನಗೆ ನೋಡೋಕಾಗಲ್ಲ ಎಂದರು. ಏಳಡಿಯದನ್ನು ಬಸ್ಸಿಗೆ ಹಾಕಲು ಕಂಡಕ್ಟರು ಒಪ್ಪಲಿಲ್ಲ. ಕೊನೆಗೆ ಒಂದು ಪೂರ್ತಿ ಆಳಿನ ಟಿಕೆಟು ಹರಿದರು. ಅದನ್ನು ಹಿಂಬದಿಯ ಉದ್ದ ಸೀಟಿನ ಕೆಳಗೆ ಮಲಗಿಸಿ, ಮೇಸ್ತ್ರಿ ಪಕ್ಕದಲ್ಲಿ ಕೂತು ಬಂದರು. ಮೂರು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಗೋಡೆಗೆ ತಾಗಿತು.

ಹೆಂಡತಿ ಬಾಗಿಲು ತೆರೆದು ನೋಡಿದರು. ನುಣುಪಾದ ಜಾಗದ ಮೇಲೆ ಅಂಗೈ ಇಟ್ಟರು. ಕಿಟಕಿಯ ಕಟ್ಟೆ ಇದೆಯಾ ಎಂದು ಕೇಳಿದರು. ಇದೆ ಎಂದರು ಮೇಸ್ತ್ರಿ. ಈ ಮರದಲ್ಲಿ ಒಂದು ಬೆಂಚು ಮಾಡಿ ನಮ್ಮ ಕಿಟಕಿಗೆ ಹಾಕಬಹುದು ಎಂದೂ ಹೇಳಿದರು. ಹಾಕಿ ಏನು ನೋಡೋದು, ಕೊಳವೆನಾ ಎಂದರು ಹೆಂಡತಿ. ಕಂಬ ಬಾಗಿಲ ಹಿಂದೆ ಗೋಡೆಗೆ ಒರಗಿತು. ಈಗಲೂ ಅಲ್ಲೇ ಇದೆ. ಅದಕ್ಕೊಂದು ಕೈಚೀಲ ತೂಗುಹಾಕಿದ್ದಾರೆ.

ಹಲ್ಲಿನ ಡಾಕ್ಟರು ಮನೆ ಕೊಳ್ಳಲಿಲ್ಲ. ತಿಂಗಳ ನಂತರ ಪತ್ರಿಕೆಯಲ್ಲಿ ಹೊಸ ಜಾಹೀರಾತು ಬಂತು. ಹೆಂಡತಿ ಆ ಪುಟವನ್ನು ದಿನಾ ಓದುತ್ತಿದ್ದರೆಂಬುದು ಮೇಸ್ತ್ರಿಗೆ ಗೊತ್ತಾದದ್ದೇ ಅಂದು. ಬಾವಿಯ ವಿಷಯ, ಗೋಡೆಯ ತೇವ, ಕಿಟಕಿಯ ಕಟ್ಟೆ, ಎಲ್ಲ ಪೋಸ್ಟ್‌ಮಾಸ್ಟರ ಮಾತಿನಲ್ಲೇ ಇತ್ತು. ಬೆಲೆ ಮಾತ್ರ ಹಳೆಯದರ ಹನ್ನೊಂದು ಪಟ್ಟು. ಕೊನೆಯಲ್ಲಿ ಹೊಸದಾಗಿ ಎರಡು ಪದ ಸೇರಿತ್ತು: 'ತೊಲೆ ಗಟ್ಟಿಯಾಗಿದೆ.'

ಆಕೆ ಹಳೆಯ ಅಭ್ಯಾಸದಂತೆ ಬೆರಳ ತುದಿಯಿಂದ ಪದ ಎಣಿಸುತ್ತಾ ಹೋಗಿ, ಕೊನೆಯ ಸಾಲಿನ ಮೇಲೆ ಬೆರಳು ನಿಲ್ಲಿಸಿದರು.

'ಎರಡೇ ಪದ ರೀ,' ಎಂದರು. 'ನಮ್ಮ ಕೌಂಟರಲ್ಲಿ ಹತ್ತಕ್ಕೆ ಕಮ್ಮಿ ಇದ್ದದ್ದನ್ನ ತಗೋತಾನೇ ಇರಲಿಲ್ಲ.'

ಮೇಸ್ತ್ರಿ ಹೂಂ ಎಂದರು. ಆಕೆ ಪತ್ರಿಕೆ ಮಡಚಿಟ್ಟು, ಕಂಬದಿಂದ ಕೈಚೀಲ ತೆಗೆದುಕೊಂಡು, ತರಕಾರಿ ತರಲು ಕೆಳಗಿಳಿದರು.